ಫೋನು ಅಕ್ಕನ ಕೈಯಲ್ಲೇ ಇರಲಿ

ಕಾಸರಗೋಡು ಜಿಲ್ಲೆಯ ಗಡಿ ಕಡೆಯ ಒಂದು ಗ್ರಾಮ ಪಂಚಾಯತಿನಲ್ಲಿ ನಾನು ಹರಿತ ಕರ್ಮ ಸೇನೆಯ ಕನ್ಸೋರ್ಷಿಯಂ, ಅಂದರೆ ತಂಡದವರೆಲ್ಲ ಸೇರಿದ ಒಕ್ಕೂಟದ ಸೆಕ್ರೆಟರಿ. ಕೇರಳದಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲಪಾಡಿ ಗಡಿಯ ಆಚೆಗಿನ ಓದುಗರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಮನೆಮನೆಗೆ ಹೋಗಿ ಪ್ಲಾಸ್ಟಿಕ್ ತೊಟ್ಟೆ, ಹಳೇ ಚಪ್ಪಲಿ, ಬಾಟಲಿ, ಕೆಟ್ಟುಹೋದ ಬಲ್ಬು, ಹೀಗೆ ಕೊಳೆಯದ ಕಸವನ್ನೆಲ್ಲ ತರುವ ಹೆಂಗಸರ ತಂಡ ನಮ್ಮದು. ಹೆಚ್ಚಿನವರು ಕುಟುಂಬಶ್ರೀ ಅನ್ನುವ ಕೇರಳದ ಹೆಂಗಸರ ಸ್ವಸಹಾಯ ಸಂಘಗಳಿಂದ ಬಂದವರು. 2016ರ ಡಿಸೆಂಬರಿನಲ್ಲಿ ಹರಿತ ಕೇರಳಂ ಮಿಷನ್ ಶುರುವಾಯಿತು. ಆಮೇಲೆ ಒಂದೊಂದೇ ಪಂಚಾಯತಿನಲ್ಲಿ ಇಂಥ ತಂಡಗಳು ಆದವು. ಸಾಮಾನ್ಯವಾಗಿ ವಾರ್ಡಿಗೆ ಇಬ್ಬರು. ಪಂಚಾಯತಿನ ಮನೆಗಳಿಗೆ ತಿಂಗಳಿಗೆ 50 ರೂಪಾಯಿ ಯೂಸರ್ ಫೀ, ಅಂಗಡಿಗಳಿಗೆ 100 ರೂಪಾಯಿಯಿಂದ ಮೇಲೆ. ನಮಗೆ ಸರ್ಕಾರದ ಸಂಬಳ ಅಂತ ಇಲ್ಲ. ಆ ಫೀಯಲ್ಲೇ ನಮ್ಮ ಗಳಿಕೆ. ಈ ಒಂದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲೆಲ್ಲ ಲೆಕ್ಕ ಸುಲಭ ಇತ್ತು. ಮನೆಗೊಂದು ಕಾರ್ಡು, ನಮ್ಮ ಕೈಯಲ್ಲಿ ರಸೀದಿ ಪುಸ್ತಕ, ಹೆಗಲಿಗೊಂದು ಬ್ಯಾಗು. ತೊಟ್ಟೆ ತೆಗೆದುಕೊಳ್ಳುವುದು, ದುಡ್ಡು ತೆಗೆದುಕೊಳ್ಳುವುದು, ರಸೀದಿ ಹರಿದು ಕೊಡುವುದು, ಕಾರ್ಡಿನಲ್ಲಿ ಸೈನು ಹಾಕುವುದು. ಅಷ್ಟೇ. ಆಮೇಲೆ ಕೇರಳ ಸರ್ಕಾರದ ಕಂಪನಿ ಕೆಲ್ಟ್ರಾನ್ ತಯಾರಿಸಿದ ಹರಿತಮಿತ್ರಂ ಆ್ಯಪ್ ಬಂತು. ಪ್ರತಿ ಮನೆಯ ಗೋಡೆಗೆ ಕ್ಯೂಆರ್ ಸ್ಟಿಕ್ಕರ್. ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು, ಮನೆಯವರು ಏನು ಕೊಟ್ಟರು ಅಂತ ಹಾಕಬೇಕು, ಫೀ ಬಂತಾ ಇಲ್ವಾ ಅಂತ ಹಾಕಬೇಕು. ಯಾವ ವಾರ್ಡಿನಲ್ಲಿ ಎಷ್ಟು ಮನೆ ಆಯಿತು ಅನ್ನುವುದು ಪಂಚಾಯತಿನಿಂದ ತಿರುವನಂತಪುರದವರೆಗೂ ಕಾಣುತ್ತದೆ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಎದ್ದಿತಲ್ಲ, ಆಮೇಲಂತೂ ಇಡೀ ರಾಜ್ಯದಲ್ಲಿ ಈ ಕೆಲಸಕ್ಕೆ ಬಿಸಿ ಏರಿತು. ಅಲ್ಲಿ ಹೊಗೆ ಎದ್ದರೆ ಇಲ್ಲಿ ನಮ್ಮ ಬೈಲಿನ ಅಕ್ಕಂದಿರ ಫೋನು ಹೊಡೆದುಕೊಳ್ಳಲು ಶುರುವಾಯಿತು, "ಇವತ್ತು ಎಷ್ಟು ಸ್ಕ್ಯಾನ್ ಆಯ್ತು?" ಅಂತ.

ಆ್ಯಪ್ ಕಲಿಸಲಿಕ್ಕೆ ಪಂಚಾಯತು ಹಾಲಿನಲ್ಲಿ ಒಂದು ತರಬೇತಿ ನಡೆಯಿತು. ಪ್ರೊಜೆಕ್ಟರು, ಮೈಕು, ಚಹಾ, ಪರಿಪ್ಪು ವಡೆ. ಹೇಳಿಕೊಟ್ಟವರು ಚೆನ್ನಾಗಿಯೇ ಹೇಳಿಕೊಟ್ಟರು. ಆದರೆ ಮಲಯಾಳಂನಲ್ಲಿ ವೇಗವಾಗಿ ಹೇಳಿದರು. ನಮ್ಮ ತಂಡದ ಹೆಚ್ಚಿನವರಿಗೆ ಮನೆಯಲ್ಲಿ ತುಳು, ಶಾಲೆಗೆ ಹೋದಷ್ಟು ದಿನ ಕನ್ನಡ. ಮಲಯಾಳಂ ಬಸ್ಸಿನಲ್ಲಿ, ಪೇಟೆಯಲ್ಲಿ, ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದು ಬಂದದ್ದು. ಮಾತಾಡಿದರೆ ತಿಳಿಯುತ್ತದೆ, ಓದಲಿಕ್ಕೆ ಹೋದರೆ ತಡವರಿಸುತ್ತಾರೆ. ಪರದೆಯ ಮೇಲಿನ ಅಕ್ಷರ ಕನ್ನಡದ್ದಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೆ ಅದು ಅಕ್ಷರ ಅಂತಲೂ ಕಾಣುತ್ತಿರಲಿಲ್ಲ, ಅದು ಬೇರೆ ಮಾತು. ಎಲ್ಲರೂ ತಲೆಯಾಡಿಸಿದರು. "ಸಂಶಯ ಉಂಟಾ?" ಅಂತ ಕೇಳಿದಾಗ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ಅಲ್ಲೇ ಗೊತ್ತಾಯಿತು. ನಮ್ಮ ಹೆಂಗಸರು ಸುಮ್ನೆ ಕೂತಿದ್ದಾರೆ ಅಂದರೆ ಅರ್ಥ ಆಗಿಲ್ಲ ಅಂತಲೇ. ಅರ್ಥ ಆದರೆ ಹತ್ತು ಪ್ರಶ್ನೆ ಕೇಳುತ್ತಾರೆ.

ಮನೆಗಳಿಗೆ ಹೋಗಲು ಶುರು ಮಾಡಿದ ಮೇಲೆ ಒಂದೊಂದೇ ಹೊರಗೆ ಬಂತು. ಬಿಸಿಲಿಗೆ ಪರದೆ ಕಾಣುವುದಿಲ್ಲ. ಸ್ಟಿಕ್ಕರ್ ಅಂಟಿಸಿದ ಜಾಗಕ್ಕೆ ಮನೆಯವರು ಗೇಟಿನಿಂದಾಚೆ ಬಿಡುವುದಿಲ್ಲ, ನಾಯಿ ಬಿಚ್ಚಿದ್ದಾರೆ. ಗುಡ್ಡೆ ಇಳಿದು ತೋಟದ ಮನೆಗೆ ಹೋದರೆ ರೇಂಜ್ ಇಲ್ಲ, ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಮಧ್ಯಾಹ್ನಕ್ಕೆ ಚಾರ್ಜ್ ಖಾಲಿ. ಒಬ್ಬರು ಅಜ್ಜ ಅಂತೂ ಸ್ಟಿಕ್ಕರಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು. "ಇದನ್ನು ಸ್ಕ್ಯಾನ್ ಮಾಡಿದ್ರೆ ನನ್ನ ಬ್ಯಾಂಕಿನ ದುಡ್ಡು ಹೋಗ್ತದೆ, ನನಗೆ ಗೊತ್ತುಂಟು" ಅಂದರು. ಅಂಗಡಿಯಲ್ಲಿ ಗೂಗಲ್ ಪೇ ಮಾಡುವುದನ್ನು ಅವರು ನೋಡಿದ್ದಾರೆ. ಅವರ ಲೆಕ್ಕದಲ್ಲಿ ತಪ್ಪೇನಿಲ್ಲ. ಅವರಿಗೆ ಸಮಾಧಾನ ಹೇಳಬೇಕಾದರೆ ಅಕ್ಕನಿಗೆ ಮೊದಲು ಸಮಾಧಾನ ಇರಬೇಕು. ಅಕ್ಕನಿಗೇ ಅದು ಏನು ಅಂತ ಗೊತ್ತಿಲ್ಲ.

ಕೆಲವು ವಾರ್ಡುಗಳಲ್ಲಿ ಕೆಲಸ ಚೆನ್ನಾಗಿಯೇ ನಡೆಯುತ್ತಿರುವ ಹಾಗೆ ಕಾಣುತ್ತಿತ್ತು. ಹೋಗಿ ನೋಡಿದರೆ ವಿಷಯ ಬೇರೆ. ಇಬ್ಬರಲ್ಲಿ ಚಿಕ್ಕವಳು ಫೋನು ಹಿಡಿಯುತ್ತಾಳೆ, ದೊಡ್ಡವಳು ಗೋಣಿ ಹಿಡಿಯುತ್ತಾಳೆ. ಇದಕ್ಕೆ ಸೋಮಾರಿತನವೂ ಕಾರಣ ಅಲ್ಲ, ಹೆದರಿಕೆ ಒಂದೇ ಕಾರಣವೂ ಅಲ್ಲ. ಕಾರಣ ಕೈಗವಸು. ಕಸ ಮುಟ್ಟುವವರು ಕೈಗವಸು ಹಾಕಬೇಕು. ಕೈಗವಸು ಹಾಕಿದ ಬೆರಳಿಗೆ ಫೋನು ಮಾತು ಕೇಳುವುದಿಲ್ಲ. ಪ್ರತಿ ಮನೆಯಲ್ಲೂ ಬಿಚ್ಚಿ ಹಾಕುತ್ತ ಕೂತರೆ ದಿನಕ್ಕೆ ಅರ್ಧ ವಾರ್ಡೂ ಮುಗಿಯುವುದಿಲ್ಲ. ಹಾಗಾಗಿ ಒಬ್ಬಳು ಗೋಣಿ, ಒಬ್ಬಳು ಫೋನು ಅಂತ ತನ್ನಿಂದ ತಾನೇ ಆಗಿಹೋಗಿತ್ತು. ಚಿಕ್ಕವಳಿಗೆ ಮಗುವಿನ ಜ್ವರ ಅಂತ ರಜೆ ಬಂದ ದಿನ ಇಡೀ ವಾರ್ಡು ನಿಂತಿತು.

ಆಗ ನಾನು, ನಮ್ಮ ಪ್ರೆಸಿಡೆಂಟ್ ಅಕ್ಕ, ಇನ್ನಿಬ್ಬರು ಕೂತು ಮಾತಾಡಿದೆವು. ಇನ್ನೊಂದು ತರಬೇತಿ ಕೇಳೋಣವೆಂದು ಒಬ್ಬರು ಹೇಳಿದರು. ಕೇಳಿದರೆ ಕೊಡುತ್ತಿದ್ದರು, ಅದೇ ಹಾಲು, ಅದೇ ಪ್ರೊಜೆಕ್ಟರು. ಬೇಡ ಅಂತಾಯಿತು. ಆ್ಯಪ್ ಚೆನ್ನಾಗಿ ಬರುವ ಮೂರು ನಾಲ್ಕು ಜನ ಬೇರೆಯವರ ವಾರ್ಡಿಗೆ ಅವರ ಜೊತೆಗೇ ನಡೆದುಕೊಂಡು ಹೋಗುವುದು ಅಂತ ತೀರ್ಮಾನ ಆಯಿತು. ಕಲಿಸಲಿಕ್ಕೆ ಅಂತ ಬೇರೆ ದಿನ ಇಲ್ಲ. ಕೆಲಸದ ದಿನವೇ, ಕೆಲಸದ ಮನೆಯಲ್ಲೇ. ಎರಡು ನಿಯಮ ಮಾಡಿಕೊಂಡೆವು. ಊಟದ ಹೊತ್ತಿಗೆ ಕೈಗವಸು ಕೈ ಬದಲಾಯಿಸಬೇಕು. ಕೈಗವಸು ಬದಲಾದರೆ ಫೋನೂ ಬದಲಾಗುತ್ತದೆ. ಇನ್ನೊಂದು, ಜೊತೆಗೆ ಹೋದವರು ಯಾವ ಕಾರಣಕ್ಕೂ ಫೋನು ತೆಗೆದುಕೊಳ್ಳಬಾರದು. ಫೋನು ಅಕ್ಕನ ಕೈಯಲ್ಲೇ ಇರಲಿ. ಬಾಯಲ್ಲಿ ಹೇಳಿ, ಬೆರಳು ತೋರಿಸಿ, ಆದರೆ ಪರದೆ ಮುಟ್ಟಬೇಡಿ.

ಈ ಎರಡನೆಯ ನಿಯಮ ಎಷ್ಟು ಕಷ್ಟದ್ದು ಅಂತ ಪಾಲಿಸಿದವರಿಗೇ ಗೊತ್ತು.

ನಮ್ಮಲ್ಲಿ ಒಬ್ಬರು ಅಕ್ಕ ಇದ್ದಾರೆ. ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟಿದವರು. ಬೀಡಿಗೆ ಕೆಲಸ ಕಡಿಮೆಯಾದ ಮೇಲೆ ಉದ್ಯೋಗ ಖಾತರಿಗೆ ಹೋದರು, ಆಮೇಲೆ ಇಲ್ಲಿಗೆ ಬಂದರು. ಅವರ ಜೊತೆ ನಾನು ಹೋದೆ. ಒಂದು ಮನೆಯ ಸಿಟೌಟಿನ ಕಂಬಕ್ಕೆ ಸ್ಟಿಕ್ಕರ್. ಅಕ್ಕ ಫೋನನ್ನು ಸ್ಟಿಕ್ಕರಿಗೆ ಮುತ್ತು ಕೊಡುವಷ್ಟು ಹತ್ತಿರ ಹಿಡಿದರು. ಸ್ಕ್ಯಾನ್ ಆಗಲಿಲ್ಲ. "ಸ್ವಲ್ಪ ಹಿಂದೆ ಬನ್ನಿ ಅಕ್ಕ" ಅಂದೆ. ಕಾಲು ಹಿಂದಿಟ್ಟರು, ಕೈ ಮಾತ್ರ ಅಲ್ಲೇ ಇದೆ. ಮತ್ತೆ ಹೇಳಿದೆ. ಕೈ ಹಿಂದೆ ಬಂತು, ಫೋನು ಓರೆಯಾಯಿತು. ಮನೆಯವಳು ಒಳಗಿನಿಂದ "ಆಯ್ತಾ? ಒಲೆಯಲ್ಲಿ ಹಾಲಿಟ್ಟಿದ್ದೇನೆ" ಅಂತ ಕೂಗಿದಳು. ನನ್ನ ಕೈ ತನ್ನಷ್ಟಕ್ಕೆ ಮುಂದೆ ಹೋಗುತ್ತಿತ್ತು. ಕೊನೆಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಅಕ್ಕ ನನ್ನನ್ನು ನೋಡಿ ನಕ್ಕರು. "ಎಂಥ ಮಾರಾಯ್ತಿ, ಅಸೆಂಬ್ಲಿಯಲ್ಲಿ ನಿಂತ ಹಾಗೆ ನಿಂತಿದ್ದೀ" ಅಂದರು. ನಗುವಾಗ ಫೋನು ನೆಟ್ಟಗಾಯಿತೋ ಏನೋ, ಸ್ಕ್ಯಾನ್ ಆಯಿತು. ಮನೆಯವರ ಹೆಸರು ಪರದೆಯ ಮೇಲೆ ಬಂತು. ಅಕ್ಕ ಆ ಹೆಸರನ್ನು ಗಟ್ಟಿಯಾಗಿ ಓದಲಿಲ್ಲ, ಅವರಿಗೆ ಓದಲಿಕ್ಕೆ ಬರುವುದಿಲ್ಲ. ಮನೆ ನಂಬರು ಮಾತ್ರ ಬಾಗಿಲ ಮೇಲಿನ ನಂಬರಿಗೆ ತಾಳೆ ನೋಡಿ, "ಹೌದು, ಇದೇ ಮನೆ" ಅಂದರು.

ಅಂಕೆ ಯಾವ ಭಾಷೆಯಲ್ಲೂ ಒಂದೇ ಅಲ್ವಾ? ಅವತ್ತಿನಿಂದ ನಾವು ಕಲಿಸುವುದನ್ನೆಲ್ಲ ಅಂಕೆಯಿಂದಲೇ ಶುರು ಮಾಡಿದೆವು. ಮನೆ ನಂಬರು, ವಾರ್ಡ್ ನಂಬರು, 50 ರೂಪಾಯಿ, ತಾರೀಕು. ಗೊತ್ತಿರುವ ಅಂಕೆಯನ್ನು ಪರದೆಯಲ್ಲಿ ಹುಡುಕಿಸುವುದು. ಅದು ಸಿಕ್ಕಿದರೆ ಅದರ ಪಕ್ಕದಲ್ಲಿರುವುದು ಏನಿರಬಹುದು ಅಂತ ಅವರೇ ಊಹಿಸುತ್ತಾರೆ.

ಎಲ್ಲವನ್ನೂ ಒಟ್ಟಿಗೆ ಹೇಳಿಕೊಡುವುದನ್ನು ನಿಲ್ಲಿಸಿದೆವು. ಮೊದಲು ಬರೀ ಸ್ಕ್ಯಾನ್. ಉಳಿದದ್ದೆಲ್ಲ ಜೊತೆಗಾತಿ ಮಾಡಲಿ. ಸ್ಕ್ಯಾನಿಗೆ ಕೈ ಕುದುರಿದ ಮೇಲೆ ಏನು ಕೊಟ್ಟರು ಅಂತ ಹಾಕುವುದು. ದುಡ್ಡಿನ ವಿಷಯ ಕೊನೆಗೆ. ಯಾಕೆಂದರೆ ನಿಜವಾದ ಹೆದರಿಕೆ ಇದ್ದದ್ದು ಅಲ್ಲಿ. ಇದು ನನಗೆ ಜೊತೆಗೆ ನಡೆದಾಗಲೇ ತಿಳಿದದ್ದು. ಪಂಚಾಯತು ಹಾಲಿನ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟದ ದಾರಿಯಲ್ಲಿ ಹೋಗುವಾಗ ಬೀಡಿ ಅಕ್ಕ ಮೆಲ್ಲ ಕೇಳಿದರು, "ನಾನು ತಪ್ಪಿ ಒತ್ತಿ ಐವತ್ತು ಬಂತು ಅಂತ ಆದ್ರೆ, ಬಾರದ ಐವತ್ತು ಯಾರು ಕೊಡುವುದು? ನಾನೇ ಅಲ್ವಾ?" ರಸೀದಿ ಪುಸ್ತಕದಲ್ಲಿ ತಪ್ಪಾದರೆ ಗೀಟು ಹಾಕಿ ಕ್ಯಾನ್ಸಲ್ ಅಂತ ಬರೆಯಬಹುದು. ಕಣ್ಣಿಗೆ ಕಾಣುತ್ತದೆ. ಫೋನಿನಲ್ಲಿ ಒತ್ತಿದ್ದು ಎಲ್ಲಿಗೆ ಹೋಯಿತು ಅಂತ ಯಾರಿಗೆ ಗೊತ್ತು? ದಿನದ ಗಳಿಕೆಯಲ್ಲಿ ಐವತ್ತು ಕೈಬಿಟ್ಟರೆ ಅವರಿಗೆ ಅದು ಸಣ್ಣ ಮೊತ್ತ ಅಲ್ಲ. ತಂತ್ರಜ್ಞಾನದ ಭಯ ಅಂತ ಮೀಟಿಂಗಿನಲ್ಲಿ ಹೇಳುತ್ತಾರಲ್ಲ, ಅದರ ಒಳಗೆ ಇದ್ದದ್ದು ಇಷ್ಟೇ, ಐವತ್ತು ರೂಪಾಯಿ.

ಇದಕ್ಕೆ ಕನ್ಸೋರ್ಷಿಯಂ ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿದೆವು. ಕಲಿಯುವ ಹೊತ್ತಿನಲ್ಲಿ ತಪ್ಪಿ ಒತ್ತಿದ್ದಕ್ಕೆ ಯಾರ ಕೈಯಿಂದಲೂ ದುಡ್ಡು ಹೋಗುವುದಿಲ್ಲ, ಅದೇ ದಿನ ಹೇಳಿದರೆ ಸಾಕು, ಸರಿ ಮಾಡಿಸುವ ಕೆಲಸ ನಮ್ಮದು. ಮಿನಿಟ್ಸಿನಲ್ಲಿ ಬರೆದು ಎಲ್ಲರ ಸೈನು ಹಾಕಿಸಿದೆವು. ನಂಬುತ್ತೀರೋ ಇಲ್ಲವೋ, ಎಷ್ಟು ಹೇಳಿಕೊಟ್ಟರೂ ಆಗದ ಕೆಲಸ ಆ ಒಂದು ಸಾಲಿನಿಂದ ಆಯಿತು. ಮರುದಿನದಿಂದಲೇ ಹೆಂಗಸರು ತಾವಾಗಿ ಫೋನು ಕೇಳಿ ತೆಗೆದುಕೊಳ್ಳಲು ಶುರು ಮಾಡಿದರು. ಸಾಯಂಕಾಲ ಕ್ಯಾಶ್ ಲೆಕ್ಕ ಹಾಕಿ ಆ್ಯಪಿನ ಮೊತ್ತಕ್ಕೆ ತಾಳೆ ನೋಡುವ ಕೆಲಸದಲ್ಲಿ ಬೀಡಿ ಅಕ್ಕನೇ ಎಲ್ಲರಿಗಿಂತ ಮುಂದೆ. ಕಟ್ಟು ಎಣಿಸಿ ಎಣಿಸಿ, ಕಂಟ್ರಾಕ್ಟರ್ ತೆಗೆದುಹಾಕಿದ ಬೀಡಿಯ ಲೆಕ್ಕ ಇಟ್ಟು ಇಟ್ಟು ಪಳಗಿದ ತಲೆ ಅದು.

ಇನ್ನೊಂದು ಉಪಾಯ ಹೇಳಬೇಕು. ಆ್ಯಪಿಗಿಂತ ಮೊದಲು ಕಲಿಸಬೇಕಾದದ್ದು ಸ್ಕ್ರೀನ್‌ಶಾಟ್ ತೆಗೆಯುವುದು ಮತ್ತು ವಾಟ್ಸಾಪಿನಲ್ಲಿ ವಾಯ್ಸ್ ಕಳಿಸುವುದು. ಇದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಏನಾಗುತ್ತಿತ್ತು? ಅಕ್ಕ ಫೋನು ಮಾಡಿ "ಏನೋ ಬಂದಿದೆ, ಹೋಗ್ತಾ ಇಲ್ಲ" ಅನ್ನುತ್ತಿದ್ದರು. ಏನು ಬಂದಿದೆ? ಕೆಂಪಗೆ ಏನೋ. ಎಲ್ಲಿ? ಅಲ್ಲೇ. ಹತ್ತು ನಿಮಿಷ ಮಾತಾಡಿದರೂ ತಲೆಬುಡ ತಿಳಿಯುತ್ತಿರಲಿಲ್ಲ. ಸ್ಕ್ರೀನ್‌ಶಾಟ್ ಬಂದ ಮೇಲೆ ಅವರ ಪರದೆ ನನ್ನ ಕಣ್ಣೆದುರು. ಜೊತೆಗೆ ತುಳುವಿನಲ್ಲೋ ಕನ್ನಡದಲ್ಲೋ ಒಂದು ವಾಯ್ಸ್, ಹಿಂದಿನಿಂದ ಕೋಳಿ ಕೂಗುವುದು, ನಾಯಿ ಬೊಗಳುವುದು ಎಲ್ಲ ಕೇಳಿಸುತ್ತದೆ. ಉತ್ತರವೂ ವಾಯ್ಸಿನಲ್ಲೇ. ಬರೆದು ಕಳಿಸಿದರೆ ಓದಲಿಕ್ಕೆ ಕನ್ನಡಕ ಬೇಕು, ಕನ್ನಡಕ ಮನೆಯಲ್ಲಿರುತ್ತದೆ. ನಮ್ಮ ಗ್ರೂಪಿನಲ್ಲಿ ಒಂದು ಮಾತು ಮಾತ್ರ ಬೇಡ ಅಂತ ಮೊದಲೇ ಹೇಳಿಟ್ಟಿದ್ದೆವು. "ಅಷ್ಟೂ ಗೊತ್ತಿಲ್ವಾ?" ಅನ್ನುವುದು. ಒಬ್ಬಳು ಒಂದು ಸಲ ಅಂದಳು. ಪ್ರೆಸಿಡೆಂಟ್ ಅಕ್ಕ ಗ್ರೂಪಿನಲ್ಲೇ ಬೈದರು. ಮತ್ತೆ ಯಾರೂ ಅನ್ನಲಿಲ್ಲ.

ನಮಗೆ ಸಿಕ್ಕಿದ ದೊಡ್ಡ ಸಹಾಯ ಬೇರೆ ಕಡೆಯಿಂದ. ವಾರ್ಡಿನ ಅಂಗನವಾಡಿ ಟೀಚರ್. ಚಾರ್ಜ್ ಹಾಕಲಿಕ್ಕೆ ಅಂತ ಅಲ್ಲಿಗೆ ಹೋಗುತ್ತಿದ್ದ ನಮ್ಮವರು ಹಾಗೆಯೇ ಕೂತು ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಟೀಚರಿಗೆ ಇದೆಲ್ಲ ಹೊಸತಲ್ಲ. 2021ರಲ್ಲಿ ಅಂಗನವಾಡಿಗಳಿಗೆ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದಾಗ ಮಕ್ಕಳ ತೂಕ, ಎತ್ತರ, ಹಾಜರಿ ಎಲ್ಲವನ್ನೂ ಪುಸ್ತಕದಿಂದ ಫೋನಿಗೆ ಏರಿಸಿದವರು ಅವರು. ಉದ್ಯೋಗ ಖಾತರಿಯ ಮೇಟ್, ಅಂದರೆ ಕೆಲಸದ ಜಾಗದ ಮೇಲ್ವಿಚಾರಕಿ ಆಗಿದ್ದವರಿಗೂ ಅಷ್ಟೆ. 2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೋ ತೆಗೆದು ಆ್ಯಪಿನಲ್ಲಿ ಹಾಜರಿ ಹಾಕಬೇಕಾಗಿತ್ತು. ಯಾವ ಕಲ್ಲಿನ ಮೇಲೆ ನಿಂತರೆ ರೇಂಜ್ ಸಿಗುತ್ತದೆ ಅಂತ ಅವರಿಗೆ ಗೊತ್ತು. ಒಂದೇ ವಾರ್ಡಿನಲ್ಲಿ ಇಷ್ಟು ಹೆಂಗಸರು ಒಂದೇ ತರಹದ ಕಷ್ಟ ದಾಟಿ ಬಂದಿದ್ದಾರೆ. ಆದರೆ ಒಂದು ಇಲಾಖೆಯವರಿಗೆ ಇನ್ನೊಂದು ಇಲಾಖೆಯವರ ಪರಿಚಯ ಇಲ್ಲ. ಇವರನ್ನು ಒಟ್ಟು ಕೂರಿಸಿದರೆ ಬೇರೆ ತರಬೇತಿಯೇ ಬೇಡ ಅನ್ನಿಸುತ್ತದೆ ನನಗೆ. ಇಬ್ಬರೂ ಹೋಗಿ ಒಬ್ಬಳ ಫೋನಿನಿಂದ ಇನ್ನೊಬ್ಬಳ ಫೋನಿಗೆ ಹಾಟ್‌ಸ್ಪಾಟ್ ಹಾಕಿಕೊಳ್ಳುವುದು, ಇಬ್ಬರದೂ ಬೇರೆ ಬೇರೆ ಕಂಪನಿಯ ಸಿಮ್ ಇರುವ ಹಾಗೆ ನೋಡಿಕೊಳ್ಳುವುದು, ಇದನ್ನು ನಮಗೆ ಹೇಳಿಕೊಟ್ಟದ್ದೂ ಅದೇ ಮೇಟ್. ತೋಟದ ಮನೆಗಳ ಅರ್ಧ ತೊಂದರೆ ಅಲ್ಲಿಗೆ ಕಳೆಯಿತು.

ಕಲಿಯುವುದು ಅಂದರೆ ಬರೀ ಫೋನು ಅಂತ ಆಗಬಾರದು ಅಂತ ನಾನು ಜಿದ್ದು ಮಾಡಿದ್ದಕ್ಕೆ ಒಂದು ಕಾರಣ ಉಂಟು. ತಂದ ಕಸ ಎಂಸಿಎಫ್‌ಗೆ ಬರುತ್ತದೆ. ಎಂಸಿಎಫ್ ಅಂದರೆ ಕಸ ರಾಶಿ ಹಾಕಿ ವಿಂಗಡಿಸುವ ಶೆಡ್ಡು. ಅಲ್ಲಿಂದ ಸರ್ಕಾರದ ಕ್ಲೀನ್ ಕೇರಳ ಕಂಪನಿಯ ಲಾರಿಗೆ. ಚೆನ್ನಾಗಿ ವಿಂಗಡಿಸಿದ ಪ್ಲಾಸ್ಟಿಕ್ಕಿಗೆ ರೇಟು ಸಿಗುತ್ತದೆ. ಬೆರಕೆ ಆದರೆ ಸಿಗುವುದಿಲ್ಲ. ಈ ಕೆಲಸದಲ್ಲಿ ಡಿಗ್ರಿ ಓದಿದ ಚಿಕ್ಕವರು ಕಣ್ಣು ಕಣ್ಣು ಬಿಡುತ್ತಾರೆ. ದೊಡ್ಡಕ್ಕಂದಿರು ರಾಜರು.

ಒಬ್ಬರು ಅಕ್ಕ ಹೊಸ ಹುಡುಗಿಗೆ ಹೇಳಿಕೊಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಒಂದು ತೊಟ್ಟೆ ತೆಗೆದು ಹುಡುಗಿಯ ಕಿವಿಯ ಹತ್ತಿರ ಹಿಡಿದು ಮುದುರಿದರು. ಚರಚರ ಅಂತ ಸದ್ದು. "ಇದು ಬಟ್ಟೆ ಅಂಗಡಿಯ ಷರ್ಟಿನ ಕವರು. ಸದ್ದು ಮಾಡ್ತದೆ ನೋಡು. ಇದು ಪಿಪಿ." ಇನ್ನೊಂದು ತೆಗೆದು ಮುದುರಿದರು. ಸದ್ದೇ ಇಲ್ಲ, ಮೆತ್ತಗೆ. "ಇದು ಹಾಲಿನ ತೊಟ್ಟೆ. ಎಳೆದು ನೋಡು, ಜಗ್ಗುತ್ತದೆ. ಇದು ಎಲ್‌ಡಿ." ಚಿಪ್ಸಿನ ಪ್ಯಾಕೆಟನ್ನು ಒಳಮಗ್ಗುಲು ತಿರುಗಿಸಿ ಬೆಳ್ಳಿ ಬಣ್ಣ ತೋರಿಸಿ, ಬೇರೆ ಗೋಣಿಗೆ ಎಸೆದರು. "ಒಳಗೆ ಬೆಳ್ಳಿ ಇದ್ದರೆ ಇಲ್ಲಿಗೆ ಬೇಡ." ತೊಳೆಯದ ಹಾಲಿನ ತೊಟ್ಟೆ ಒಂದನ್ನು ಮೂಗಿಗೆ ಹಿಡಿದು, "ಇದನ್ನು ಕೊಟ್ಟ ಮನೆಗೆ ಮುಂದಿನ ತಿಂಗಳು ನೀನೇ ಹೋಗಿ ಹೇಳ್ಬೇಕು, ತೊಳೆದು ಒಣಗಿಸಿ ಕೊಡಿ ಅಂತ" ಅಂದರು. ಹುಡುಗಿ ಕಣ್ಣು ಮುಚ್ಚಿ ಸದ್ದು ಕೇಳಿ ಹೇಳುವ ಆಟ ಶುರು ಮಾಡಿದಳು. ಅದೇ ಹುಡುಗಿ ಬೆಳಿಗ್ಗೆ ಈ ಅಕ್ಕನಿಗೆ ಆ್ಯಪ್ ಹೇಳಿಕೊಟ್ಟವಳು. ಬೆಳಿಗ್ಗೆ ಸಣ್ಣಗಾಗಿದ್ದ ಅಕ್ಕನ ಸ್ವರ ಮಧ್ಯಾಹ್ನ ಶೆಡ್ಡಿನಲ್ಲಿ ಗಟ್ಟಿಯಾಯಿತು. ನಾಳೆ ಬೆಳಿಗ್ಗೆ ಆ ಹುಡುಗಿಯ ಹತ್ತಿರ ಏನಾದರೂ ಕೇಳಲಿಕ್ಕೆ ಅಕ್ಕನಿಗೆ ನಾಚಿಕೆ ಆಗುವುದಿಲ್ಲ. ನಾವು ವಿಂಗಡಣೆಯ ದಿನವನ್ನೇ ಕಲಿಯುವ ದಿನವೂ ಮಾಡಿದ್ದು ಇದಕ್ಕೇ. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ.

ಇಷ್ಟೆಲ್ಲ ಆಗುವಾಗ ನಾನು ಒಂದು ನೋಟ್‌ಬುಕ್ ಮಾಡಿದ್ದೆ. ಪರದೆಯ ಚಿತ್ರ ಕೈಯಲ್ಲೇ ಬರೆದು, ಯಾವ ಬಟನ್ ಎಲ್ಲಿದೆ ಅಂತ ಬಾಣ ಹಾಕಿ, ಕನ್ನಡದಲ್ಲಿ ವಿವರ. ಜೆರಾಕ್ಸ್ ತೆಗೆದು ಎಲ್ಲರ ಬ್ಯಾಗಿಗೂ ಹಾಕಿದ್ದೆವು. ಎಲ್ಲರಿಗೂ ಇಷ್ಟ ಆಯಿತು. ಆಮೇಲೆ ಆ್ಯಪಿನ ಹೊಸ ಆವೃತ್ತಿ ಬಂತು. ಬಣ್ಣ ಬೇರೆ, ಜಾಗ ಬೇರೆ. ಜೆರಾಕ್ಸ್ ಕಟ್ಟು ಎಂಸಿಎಫ್‌ನ ಪೇಪರ್ ಗೋಣಿಗೆ ಹೋಯಿತು, ಅದಕ್ಕೂ ರೇಟು ಸಿಗುತ್ತದಲ್ಲ.

ಅವಾಗ ಒಂದು ವಿಚಿತ್ರ ಗಮನಿಸಿದೆ. ಹೊಸ ಆವೃತ್ತಿಯಲ್ಲಿ ಬೇಗ ಪಾಸಾದವರು ನಾನು ಅಂದುಕೊಂಡವರಲ್ಲ. ಹಳೆಯ ಆ್ಯಪಿನಲ್ಲಿ ಕಣ್ಣು ಮುಚ್ಚಿ ಒತ್ತುತ್ತಿದ್ದ ಚುರುಕಿನ ಹುಡುಗಿಯರಲ್ಲಿ ಕೆಲವರು ಸಿಕ್ಕಿಬಿದ್ದರು. ಮೇಲೆ ಬಲಬದಿ, ಕೆಳಗೆ ಹಸಿರು, ಮತ್ತೆ ಸರಿ, ಹೀಗೆ ಜಾಗ ಬಾಯಿಪಾಠ ಆಗಿತ್ತು ಅವರಿಗೆ. ಜಾಗ ಬದಲಾದದ್ದೇ ತಡ, ದಾರಿ ತಪ್ಪಿತು. ನಿಧಾನಕ್ಕೆ ಕಲಿತ ಬೀಡಿ ಅಕ್ಕ ಮಾತ್ರ ಗೊಣಗುತ್ತ ಗೊಣಗುತ್ತ ಮುಂದೆ ಹೋದರು. ಹೇಗೆ ಅಂತ ಕೇಳಿದೆ. "ಮೊದಲು ಯಾವ ಮನೆ ಅಂತ ಕೇಳ್ತದೆ. ಮತ್ತೆ ಏನು ಕೊಟ್ರು ಅಂತ ಕೇಳ್ತದೆ. ಮತ್ತೆ ದುಡ್ಡು. ಮತ್ತೆ ರಸೀದಿ. ಎಲ್ಲಿ ಕೇಳಿದ್ರೂ ಅದನ್ನೇ ಕೇಳ್ಬೇಕಲ್ಲ?" ಅಂದರು. ಅವರು ಆ್ಯಪನ್ನು ರಸೀದಿ ಪುಸ್ತಕದ ಹಾಗೆ ಓದುತ್ತಿದ್ದರು. ಹಳೇ ಕೆಲಸದ ಕ್ರಮ ಅವರ ತಲೆಯಲ್ಲಿತ್ತು, ಹೊಸ ಪರದೆಯಲ್ಲಿ ಆ ಕ್ರಮವನ್ನೇ ಹುಡುಕುತ್ತಿದ್ದರು.

ಮುಂದಿನ ಸುತ್ತಿನಲ್ಲಿ ನಾವು ಕಲಿಸುವ ರೀತಿಯೇ ಬೇರೆಯಾಯಿತು. ಬಟನ್ ತೋರಿಸುವುದಕ್ಕಿಂತ ಮೊದಲು ಫೋನು ಬದಿಗಿಟ್ಟು ಕೇಳುತ್ತೇವೆ, ಈ ಮನೆಯಲ್ಲಿ ನಾವು ಈಗ ಏನೇನು ಮಾಡಬೇಕು, ಯಾವುದು ಮೊದಲು? ಮನೆಯವರು ಇಲ್ಲದಿದ್ದರೆ ಏನು? ಕಸ ಕೊಟ್ಟು ದುಡ್ಡು ಮುಂದಿನ ತಿಂಗಳು ಅಂದರೆ ಏನು? ಎರಡು ತಿಂಗಳದ್ದು ಒಟ್ಟಿಗೆ ಕೊಟ್ಟರೆ? ಅದೆಲ್ಲ ಬಾಯಲ್ಲಿ ಸರಿಯಾಗಿ ಬಂದ ಮೇಲೆ, "ಈಗ ಆ್ಯಪ್ ಇದನ್ನು ಎಲ್ಲಿ ಕೇಳ್ತದೆ ಹುಡುಕಿ" ಅನ್ನುತ್ತೇವೆ. ನಿಧಾನ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಾಳೆ ಪರದೆ ಮತ್ತೆ ಬದಲಾಗಿಯೇ ಆಗುತ್ತದೆ. 2025ರ ಏಪ್ರಿಲಿನಲ್ಲಿ ಗ್ರಾಮ ಪಂಚಾಯತುಗಳಿಗೂ ಕೆ-ಸ್ಮಾರ್ಟ್ ಬಂತು, ಆಫೀಸಿನ ಸೇವೆಗಳನ್ನು ಆನ್‌ಲೈನಿನಲ್ಲಿ ಕೊಡುವ ಸರ್ಕಾರದ ವ್ಯವಸ್ಥೆ ಅದು. ನಗರಸಭೆಗಳಿಗೆ 2024ರ ಜನವರಿಯಲ್ಲೇ ಬಂದಿತ್ತು. ಪಂಚಾಯತು ಆಫೀಸಿನ ಕ್ಲರ್ಕುಗಳೂ ಆಗ ನಮ್ಮ ಹಾಗೆಯೇ ಒಬ್ಬರ ಕುರ್ಚಿಯ ಹಿಂದೆ ಒಬ್ಬರು ನಿಂತು ಪರದೆ ನೋಡುತ್ತಿದ್ದರು. ಅದನ್ನು ಕಂಡು ನಮ್ಮ ಅಕ್ಕಂದಿರಿಗೆ ಒಳಗೊಳಗೆ ಖುಷಿ. "ಅವರಿಗೂ ಬಂತಲ್ಲ" ಅಂದಳು ಒಬ್ಬಳು. ಹಾಗೆಲ್ಲ ಹೇಳಬಾರದು, ಆದರೂ ನಾನೂ ನಕ್ಕೆ.

ಮೇಲಿನವರಿಂದ ನಮಗೆ ಬೇಕಾಗಿದ್ದದ್ದು ಎರಡೇ. ಒಂದು, ಹೊಸತು ಬಂದ ಆರಂಭದಲ್ಲಿ ದಿನಾ ಫೋನು ಮಾಡಿ ಪರ್ಸೆಂಟೇಜ್ ಕೇಳಬಾರದು. ಕೇಳಿದರೆ ಏನಾಗುತ್ತದೆ? ಆ್ಯಪ್ ಚೆನ್ನಾಗಿ ಬರುವವಳ ಕೈಗೇ ಫೋನು ಹೋಗುತ್ತದೆ. ಅಂಕಿ ಏರುತ್ತದೆ, ಕಲಿಯುವವರು ಅಲ್ಲೇ ಉಳಿಯುತ್ತಾರೆ. ನಮ್ಮ ವಿಇಒ, ಅಂದರೆ ವಿಲೇಜ್ ಎಕ್ಸ್‌ಟೆನ್ಷನ್ ಆಫೀಸರ್, ಒಳ್ಳೆಯವರು, ಹೇಳಿದ್ದು ಕೇಳಿಸಿಕೊಂಡರು, ಸ್ವಲ್ಪ ದಿನ ಬಿಟ್ಟರು. ಎರಡನೆಯದು, ಪುಸ್ತಕ ಮತ್ತು ಆ್ಯಪ್ ಎರಡನ್ನೂ ಒಟ್ಟಿಗೆ ಎಳೆಯುತ್ತ ಕೂರಬಾರದು. ಮೊದಮೊದಲು ಎರಡೂ ಇರಲಿ, ಧೈರ್ಯಕ್ಕೆ ಬೇಕು. ಆದರೆ ಜಾಸ್ತಿ ದಿನ ಎಳೆದರೆ ಕೆಲಸ ಎರಡು ಪಟ್ಟು. ಲೆಕ್ಕ ತಪ್ಪಿದಾಗ ಯಾವುದನ್ನು ನಂಬುವುದು ಅಂತಲೂ ತಿಳಿಯುವುದಿಲ್ಲ. ಪುಸ್ತಕ ಯಾವತ್ತು ನಿಲ್ಲುತ್ತದೆ ಅಂತ ತಾರೀಕು ಮೊದಲೇ ಹೇಳಿಬಿಡಬೇಕು. ಇದರಲ್ಲಿ ನಮ್ಮ ತಂಡದಲ್ಲೇ ಒಮ್ಮತ ಇಲ್ಲ. ಪ್ರೆಸಿಡೆಂಟ್ ಅಕ್ಕ ಇವತ್ತಿಗೂ ಬ್ಯಾಗಿನಲ್ಲಿ ಒಂದು ಸಣ್ಣ ಡೈರಿ ಇಟ್ಟುಕೊಳ್ಳುತ್ತಾರೆ.

ಎಲ್ಲರೂ ಕಲಿತರು ಅಂತ ಬರೆದರೆ ಅದು ಸರ್ಕಾರಿ ವರದಿ ಆದೀತು. ಒಬ್ಬರು ಅಕ್ಕ ಬಿಟ್ಟುಹೋದರು. ಅವರಿಗೆ ಕಣ್ಣಿನ ಪೊರೆ ಇತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಬಿಟ್ಟ ಮೇಲೆ ಗೊತ್ತಾಯಿತು. ಈಗ ಹೊಸ ಆ್ಯಪೋ ಹೊಸ ಫಾರಮ್ಮೋ ಬಂದರೆ ನಾವು ಮೊದಲು ಮಾಡುವ ಕೆಲಸ ಫೋನಿನ ಅಕ್ಷರ ದೊಡ್ಡದು ಮಾಡುವುದು, ಬೆಳಕು ಜಾಸ್ತಿ ಮಾಡುವುದು. ಯಾರ ಕೈ ದೂರ ಹೋಗುತ್ತದೆ ಅಂತ ನೋಡಿ, ಕಣ್ಣಿನ ಕ್ಯಾಂಪ್ ಇದ್ದಾಗ ಅವರನ್ನು ಎಬ್ಬಿಸಿಕೊಂಡು ಹೋಗುವುದು. ಇನ್ನೊಬ್ಬಳಿಗೆ ಸ್ವಂತ ಫೋನೇ ಇರಲಿಲ್ಲ, ಗಂಡನ ಫೋನು ತರುತ್ತಿದ್ದಳು. ಗಂಡನಿಗೆ ಕೆಲಸ ಇದ್ದ ದಿನ ಇವಳಿಗೆ ಕಲಿಕೆ ಇಲ್ಲ. ಇದಕ್ಕೆ ಹೇಳಿಕೊಡುವುದರಿಂದ ಪರಿಹಾರ ಇಲ್ಲ, ಫೋನೇ ಬೇಕು. ಕನ್ಸೋರ್ಷಿಯಂ ದುಡ್ಡಿನಿಂದ ಒಂದು ತೆಗೆದುಕೊಟ್ಟೆವು, ಕಂತಿನಲ್ಲಿ ಕಟ್ಟಿಸಿಕೊಳ್ಳುವ ಹಾಗೆ.

ಉಳಿದಿರುವುದು ದುಡ್ಡಿನ ಮಾತು. ನಮ್ಮ ಗಳಿಕೆ ಯೂಸರ್ ಫೀಯಿಂದ ಅಂತ ಮೊದಲೇ ಹೇಳಿದೆನಲ್ಲ? ಕಲಿಸಲಿಕ್ಕೆ ಬೇರೆ ವಾರ್ಡಿಗೆ ಹೋದವಳ ಸ್ವಂತ ವಾರ್ಡಿನ ಮನೆಗಳು ಅವತ್ತು ಉಳಿಯುತ್ತವೆ. ಕಲಿಯುವವಳೂ ನಿಧಾನ, ಅವಳ ಮನೆಗಳೂ ಕಡಿಮೆ. ಸಂಬಳ ಇರುವ ಆಫೀಸಿನಲ್ಲಿ ತರಬೇತಿಗೆ ಹೋದರೆ ಡ್ಯೂಟಿ ಅಂತ ಬರೆಯುತ್ತಾರೆ. ಇಲ್ಲಿ ಕಲಿಕೆಯ ಖರ್ಚು ಕಲಿಯುವವರ ತಲೆಗೇ. ಸ್ವಲ್ಪ ದಿನ ಎಲ್ಲರೂ ಉತ್ಸಾಹದಲ್ಲಿ ಮಾಡಿದರು. ಆಮೇಲೆ ಜೊತೆಗೆ ಹೋಗುವವರಲ್ಲಿ ಒಬ್ಬಳು ನೇರವಾಗಿಯೇ ಕೇಳಿದಳು, "ನಾನು ಅವಳಿಗೆ ಹೇಳಿಕೊಟ್ಟು ಅವಳ ಗಳಿಕೆ ಜಾಸ್ತಿ ಆಯ್ತು. ನನ್ನದು?" ನ್ಯಾಯದ ಪ್ರಶ್ನೆ. ಮೀಟಿಂಗಿನಲ್ಲಿ ಇಟ್ಟೆವು. ಜೊತೆಗೆ ಹೋದ ದಿನಕ್ಕೆ ಒಂದು ಮೊತ್ತ ಕನ್ಸೋರ್ಷಿಯಂ ಖಾತೆಯಿಂದ ಕೊಡುವುದು ಅಂತ ತೀರ್ಮಾನ ಆಯಿತು. ಬೀಡಿ ಅಕ್ಕ ಈಗ ಆ ಪಟ್ಟಿಯಲ್ಲಿದ್ದಾರೆ. ಹೊಸದಾಗಿ ಸೇರಿದ ಇಬ್ಬರನ್ನು ಅವರೇ ಕರೆದುಕೊಂಡು ಹೋಗುತ್ತಿದ್ದಾರೆ. ಆದರೆ ಆ ಮೊತ್ತ ಒಂದು ದಿನದ ಕಲೆಕ್ಷನ್ನಿಗೆ ಸಮ ಆಗುವುದಿಲ್ಲ, ಮಳೆಗಾಲದಲ್ಲಂತೂ ಖಾತೆಯಲ್ಲಿ ಅಷ್ಟು ದುಡ್ಡೂ ಇರುವುದಿಲ್ಲ. ಕಲಿಸುವ ದಿನಗಳ ಖರ್ಚನ್ನು ಪಂಚಾಯತಿನ ಯೋಜನೆಯಲ್ಲಿ ಸೇರಿಸಿ ಅಂತ ಅರ್ಜಿ ಬರೆದಿದ್ದೇವೆ, ಕನ್ನಡದಲ್ಲೇ. ಮುಂದಿನ ಮೀಟಿಂಗಿಗೆ ವಾರ್ಡ್ ಮೆಂಬರನ್ನೂ ವಿಇಒ ಅವರನ್ನೂ ಕರೆದಿದ್ದೇವೆ, ಮೊದಲ ವಿಷಯವೇ ಅದು.